ಅಳಿಯನ ಡಬ್ಬಿಗೆ ಹೊಸ ಸಿಸ್ಟಮ್

ಐವತ್ತು ದಾಟಿದ ಗಂಡಸು ಹೊಸದಾಗಿ ಏನನ್ನಾದರೂ ಕಲಿತರೆ ಮನೆಯವರು ತಮ್ಮ ತಮ್ಮ ಸಾಮಾನುಗಳನ್ನು ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಇಪ್ಪತ್ತರಲ್ಲಿ ಕಲಿತವನಿಗೆ ತೋರಿಸಿಕೊಳ್ಳಲು ಮುಂದೆ ಬೇಕಾದಷ್ಟು ಕಾಲವಿರುತ್ತದೆ; ನನ್ನಂಥವನಿಗೆ ಅವಸರ. ಕಸಿ ಕಟ್ಟುವುದನ್ನು ಕಲಿತ ನನ್ನ ಗೆಳೆಯನೊಬ್ಬ ಹೆಂಡತಿ ದಿನವೂ ಸುತ್ತು ಹಾಕುವ ತುಳಸಿಯ ಮೇಲೆಯೇ ಚಾಕು ಆಡಿಸಲು ಹೊರಟಿದ್ದ. ನಾನು ಕಲಿತದ್ದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕುವುದನ್ನು. ಆ ವಿದ್ಯೆಯಿಂದಾಗಿ, ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುವ ಹೊತ್ತಿಗೆ ಸರಿಯಾಗಿ, ಮಗಳ ಸಂಸಾರವನ್ನು ನನ್ನ ಕೈಯಾರೆ ಕೆಡಿಸಿದೆನೇನೋ ಎಂದು ನನ್ನ ಎದೆ ಧಸಕ್ಕೆಂದಿತು. ಆ ಧಸಕ್ಕು ಇನ್ನೂ ಪೂರ್ತಿ ಇಳಿದಿಲ್ಲ.

ಸೋಲಾಪುರದಲ್ಲಿ ನನ್ನದು ಟಾವೆಲ್, ಚಾದರಗಳ ಅಂಗಡಿ. ಅಂಗಡಿಯ ಲ್ಯಾಪ್‌ಟಾಪು ಮುದಿಯಾಗಿತ್ತು. ಗುಂಡಿ ಒತ್ತಿ, ಮೂಲೆಯ ಹೋಟೆಲಿಗೆ ಹೋಗಿ ಚಹಾ ಕುಡಿದು, ಅಲ್ಲಿ ಸಿಕ್ಕವರ ಜೊತೆ ರಾಜಕೀಯ ಮುಗಿಸಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ರಿಪೇರಿಯವರು ನೋಡಿ, "ಗುಜರಿಗೆ ಹಾಕ್ರಿ ಶೇಠ್‌ಜಿ, ಇದರಾಗ ಏನೂ ಉಳದಿಲ್ಲ" ಎಂದರು. ನನಗೆ ಆ ಮಾತು ನನಗೇ ಅಂದಂತಾಯಿತು. ಹಟಕ್ಕೆ ಬಿದ್ದು ಒಂದಿಷ್ಟು ಹಿಂದಿ, ಒಂದಿಷ್ಟು ಮರಾಠಿ ವೀಡಿಯೋ ನೋಡಿದೆ, ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿದೆ, ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದೆ. ಲ್ಯಾಪ್‌ಟಾಪು ಎದ್ದು ಕೂತಿತು. ಖರೀದಿಸಿದ ದಿನವೂ ಅದು ಅಷ್ಟು ಬೇಗ ಎದ್ದಿರಲಿಲ್ಲ. ಹೆಂಡತಿ ಮಹಾದೇವಿಯನ್ನು ಕರೆದು ತೋರಿಸಿದರೆ ಆಕೆ ಪರದೆಯ ಮೇಲಿನ ಲಿನಕ್ಸಿನ ಗುರುತಾದ ಪೆಂಗ್ವಿನ್ ನೋಡಿ, "ಈ ಬಾತುಕೋಳಿ ಯಾಕ ಬಂದೈತ್ರಿ ಇಲ್ಲಿ? ನಮ್ಮ ಗಣಪತಿ ಫೋಟೋ ಎಲ್ಲಿ ಹೋತು?" ಎಂದು ಕೇಳಿ ಒಳಗೆ ಹೋದಳು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಹಾಕುವಾಗ ಅದು ಮೊದಲು ಯಾವ ಭಾಷೆ ಎಂದು ಕೇಳುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಕಂಡ ಕಂಡ ಮದುವೆಯ ಪಂಕ್ತಿಯಲ್ಲಿ ಕೂತು ಭಾಷಣ ಮಾಡುವವನು ನಾನು. ಎದೆಯುಬ್ಬಿಸಿ ಕನ್ನಡ ಆರಿಸಿದೆ. ಮರುದಿನದಿಂದ ಕನ್ನಡ ಓದಲು ಬಾರದ ನಮ್ಮ ಮರಾಠಿ ಗುಮಾಸ್ತ ಹೆಜ್ಜೆಹೆಜ್ಜೆಗೂ ಬಂದು, "ಇದು ಕಾಯ್ ಅಂತೈತ್ರಿ ಶೇಠ್‌ಜಿ?" ಎನ್ನತೊಡಗಿದ. ಪರದೆಯ ತುಂಬ ಕಡತ, ಗುಪ್ತಪದ, ಸಂಯೋಜನೆ. ನಿಜ ಹೇಳಬೇಕೆಂದರೆ ನಾನೂ ಪಕ್ಕದ ಚಿತ್ರ ನೋಡಿಯೇ ಅರ್ಥ ಊಹಿಸುತ್ತಿದ್ದೆ. ಆ ವಾರದೊಳಗೇ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದೆ, ಗುಮಾಸ್ತನ ಅನುಕೂಲಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ.

ಒಂದು ಲ್ಯಾಪ್‌ಟಾಪು ಬದುಕಿದ ಮೇಲೆ ನನ್ನ ಕೈ ಕಡಿಯತೊಡಗಿತು. ಕುಂಭಾರಿಯ ಚಿಕ್ಕಪ್ಪನ ಮಗನ ಲ್ಯಾಪ್‌ಟಾಪನ್ನು ಬೇಡಬೇಡವೆಂದರೂ ಎತ್ತಿಕೊಂಡು ಬಂದು ಲಿನಕ್ಸ್ ಹಾಕಿ ಕಳಿಸಿದೆ. ಹೋಟೆಲಿನಲ್ಲಿ ಸಿಕ್ಕವರಿಗೆಲ್ಲ ಬ್ಯಾಕಪ್ಪಿನ ಮಹತ್ವ ಹೇಳತೊಡಗಿದೆ. ವಳಸಂಗದ ನನ್ನ ಷಡ್ಡಕನಂತೂ ನನ್ನ ಸ್ಕೂಟರಿನ ಸದ್ದು ಕೇಳಿದ ಕೂಡಲೇ ತನ್ನ ಲ್ಯಾಪ್‌ಟಾಪನ್ನು ಜೋಳದ ಚೀಲದಲ್ಲಿ ಹುಗಿಯುತ್ತಿದ್ದನಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಒಮ್ಮೆ ಅವನ ಮನೆಯಲ್ಲಿ ಕೂತಾಗ ಚೀಲದೊಳಗಿಂದ ಯಾವುದೋ ಸಿನಿಮಾ ಹಾಡು ಕೇಳಿಬರುತ್ತಿತ್ತು. ಪಕ್ಕದ ಮನೆಯದು ಎಂದುಕೊಂಡಿದ್ದೆ.

ಹೀಗಿರುವಾಗ ಅಧಿಕ ಮಾಸ ಬಂತು. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳನ್ನು ನಮ್ಮ ಕಡೆ ಧೋಂಡ್ಯಾ ತಿಂಗಳು ಎನ್ನುತ್ತಾರೆ. ಆಗ ಅಳಿಯನೆಂದರೆ ಸಾಕ್ಷಾತ್ ನಾರಾಯಣ. ಅವನನ್ನು ಕರೆಸಿ, ಹೂರಣ ತುಂಬಿದ ಧೋಂಡೆ ಉಣ್ಣಿಸಿ, ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಬೆಲ್ಲದ ಅನಾರಸೆ ಜೋಡಿಸಿ ದೀಪ ಹಚ್ಚಿ ಉಡುಗೊರೆ ಕೊಡಬೇಕು. ಅಳಿಯನೂ ದೇವರ ಹಾಗೆಯೇ ನಡೆದುಕೊಳ್ಳಬೇಕು: ಬಡಿಸಿದ್ದನ್ನು ಉಣ್ಣಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಒಲ್ಲೆ ಎನ್ನಕೂಡದು. ನಮ್ಮ ಮಗಳು ಸ್ನೇಹಲ್‌ಳನ್ನು ಅಕ್ಕಲಕೋಟ ತಾಲೂಕಿನ ವಾಗದರಿಗೆ ಕೊಟ್ಟಿದ್ದೇವೆ. ಕಬ್ಬು, ತೊಗರಿ, ಎರಡು ಬಾವಿ, ತುಂಬಿದ ಮನೆ. ಮದುವೆಯಾದ ಮೇಲೆ ಬಂದ ಮೊದಲ ಅಧಿಕ ಮಾಸ ಇದು. ಅಳಿಯ ಮಲ್ಲಿನಾಥ ಮೆತ್ತಗಿನ ಹುಡುಗ, ಅವನ ಚಿಂತೆ ಇಲ್ಲ. ನನಗೆ ಹೆದರಿಕೆ ಬೀಗತಿಯದು. ಮದುವೆಯ ಊಟದಲ್ಲಿ ಜಿಲೇಬಿ ಒಂದು ಸುತ್ತು ತಡವಾಗಿ ಬಂದದ್ದಕ್ಕೆ ಆಕೆ ಬಾಯಿ ಬಿಡದೆ ನನ್ನ ಕಡೆ ಒಮ್ಮೆ ನೋಡಿದ್ದರು. ಅಂದಿನಿಂದ ನಾನು ಜಿಲೇಬಿ ಬಿಟ್ಟಿದ್ದೇನೆ. ಆ ಮನೆಯಲ್ಲಿ ಮಗಳು ನಗುನಗುತ್ತ ಇರಬೇಕಾದರೆ ಈ ಕಾರ್ಯದಲ್ಲಿ ಕೂದಲೆಳೆಯಷ್ಟೂ ಕೊರತೆಯಾಗಬಾರದು ಎಂದು ನಾನು ಹಗಲೂ ಇರುಳೂ ಜಪಿಸುತ್ತಿದ್ದೆ.

ಅಳಿಯ ಬರುವಾಗ ತನ್ನ ಜೊತೆ ಒಂದು ಕಪ್ಪು ಡಬ್ಬಿ ತಂದಿದ್ದ. ನಡುವೆ ಪರದೆ, ಎರಡೂ ಬದಿಗೆ ಗುಂಡಿಗಳು. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕನ್ಸೋಲ್, ಒಳಗಿರುವುದು ಪೂರ್ತಿ ಕಂಪ್ಯೂಟರೇ. ಅದರ ಬಗ್ಗೆ ಬೀಗರು ನನಗೆ ಮೊದಲೇ ಫೋನ್ ಮಾಡಿ ದೂರಿದ್ದರು. "ನಿಮ್ಮ ಅಳಿಯಗ ಒಂದೀಟು ಬುದ್ಧಿ ಹೇಳ್ರಿ ಬೀಗರ. ಮನಿ ತುಂಬ ಕೆಲಸ ಇದ್ರೂ ಆ ಡಬ್ಬಿ ಒಂದು ಬಿಡಂಗಿಲ್ಲ ನೋಡ್ರಿ." ನಾನು ಬುದ್ಧಿ ಹೇಳುವ ಬದಲು ಡಬ್ಬಿಯನ್ನೇ ನೋಡಿದೆ. ಅದು ಚಾಲೂ ಆಗಲು ತಡವಾಗುತ್ತಿತ್ತು. ನನ್ನ ಕೈ ಮತ್ತೆ ಕಡಿಯಿತು.

"ಮಲ್ಲಿನಾಥ್‌ರಾವ್, ಭಾಳ ಸ್ಲೋ ಐತೇನ್ರಿ ಇದು?"

"ಹಂಗೇನಿಲ್ರಿ ಮಾವಾರ. ಜರಾ ಟೈಮ್ ತಗೋತೈತಿ, ಅಷ್ಟ."

"ಹೊಸಾ ಸಿಸ್ಟಮ್ ಹಾಕಿ ಕೊಡ್ಲೇನು?"

ಅಳಿಯ ಬಾಗಿಲ ಕಡೆ ನೋಡಿದ, ಅಡಿಗೆಮನೆಯ ಕಡೆ ನೋಡಿದ, ಕೊನೆಗೆ ತನ್ನ ಕಾಲ ಬೆರಳು ನೋಡಿಕೊಳ್ಳುತ್ತ, "ನಿಮಗ ತಿಳದಂಗ ಮಾಡ್ರಿ ಮಾವಾರ" ಎಂದ. ನಾನು ಹಳೆಯದನ್ನು ಮುಟ್ಟದೆ ಹೊಸದನ್ನು ಹಾಕುತ್ತೇನೆ ಎಂದು ಅವನು ತಿಳಿದಿದ್ದನಂತೆ. ಹಾಗೆ ತಿಳಿಯದಿದ್ದರೂ ಧೋಂಡ್ಯಾ ತಿಂಗಳಲ್ಲಿ ಮಾವನಿಗೆ ಬೇಡ ಎನ್ನುವ ಅಳಿಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮರುದಿನ ಬೆಳಿಗ್ಗೆ ಮಹಾದೇವಿ, ಮಗಳು, ಅಳಿಯ ಮೂವರೂ ಸಿದ್ಧೇಶ್ವರ ಗುಡಿಗೆ ಹೋದರು. ನಾನು ಡಬ್ಬಿ ಮುಂದಿಟ್ಟುಕೊಂಡು ಪೆನ್‌ಡ್ರೈವ್ ಚುಚ್ಚಿದೆ. ಅದು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿತು: ಇದ್ದದ್ದನ್ನು ಹಾಗೇ ಇಟ್ಟು ಪಕ್ಕದಲ್ಲಿ ಹಾಕಲೋ, ಪೂರ್ತಿ ಅಳಿಸಿ ಹಾಕಲೋ? ಅಂಗಡಿಯ ಲ್ಯಾಪ್‌ಟಾಪಿಗೆ, ಕುಂಭಾರಿಯ ಲ್ಯಾಪ್‌ಟಾಪಿಗೆ ನಾನು ಹಳೆಯದನ್ನು ಉಳಿಸಿಯೇ ಹಾಕಿದ್ದೆ. ಆದರೆ ಇದು ಅಳಿಯನಿಗೆ ಕೊಡುವ ಉಡುಗೊರೆ. ಅಳಿಯನಿಗೆ ಕೊಡುವ ಬಟ್ಟೆ ಕೋರಾ ಇರಬೇಕು, ಯಾರೂ ಉಟ್ಟಿರಬಾರದು, ನೀರು ಕಂಡಿರಬಾರದು; ಹಳೆಯದರ ಜೊತೆ ಹೊಸದನ್ನು ಕಲೆಸಿ ಕೊಡುವುದು ಅಪಮಾನ. ಬಟ್ಟೆ ವ್ಯಾಪಾರಿಯಾಗಿ ಇಷ್ಟೂ ತಿಳಿಯದಿದ್ದರೆ ಹೇಗೆ? ಪೂರ್ತಿ ಅಳಿಸು ಎಂದೆ. ಖಾತ್ರಿಯೇ ಎಂದು ಕೇಳಿತು. ಖಾತ್ರಿ ಎಂದೆ. ಮತ್ತೊಮ್ಮೆ ಕೇಳಿತು. ಯಂತ್ರಕ್ಕೆ ನಮ್ಮ ರೀತಿ ರಿವಾಜು ಏನು ಗೊತ್ತು ಎಂದು ನಕ್ಕು ಮತ್ತೊಮ್ಮೆ ಒತ್ತಿದೆ. ಅವರು ಬರುವ ಹೊತ್ತಿಗೆ ಡಬ್ಬಿಗೆ ಹೊಸ ಜೀವ ಬಂದಿತ್ತು. ಒರೆಸಿ, ಹಿಂಬದಿಗೆ ಅರಿಶಿನ ಕುಂಕುಮ ಹಚ್ಚಿ, ಅನಾರಸೆಯ ತಟ್ಟೆಯ ನಡುವೆ ಇಟ್ಟು, ಮೇಲೆ ಕರವಸ್ತ್ರ ಮುಚ್ಚಿದೆ.

ಮಧ್ಯಾಹ್ನ ಅಳಿಯ ಮಣೆಯ ಮೇಲೆ ಕೂತ. ಸುತ್ತ ರಂಗೋಲಿ, ಮುಂದೆ ಬಾಳೆಲೆ. ವಾಗದರಿಯಲ್ಲಿದ್ದ ಬೀಗತಿಗೆ ಎಲ್ಲವೂ ಕಾಣಲಿ ಎಂದು ನಾನೇ ವೀಡಿಯೋ ಕಾಲ್ ಹಚ್ಚಿ ಫೋನನ್ನು ತುಪ್ಪದ ತಂಬಿಗೆಗೆ ಆನಿಸಿ ನಿಲ್ಲಿಸಿದ್ದೆ. ಆಕೆ ಗಂಭೀರವಾಗಿ ನೋಡುತ್ತಿದ್ದರು. ತಾಯಿ ಮಗಳು ಆರತಿ ತಟ್ಟೆ ಹಿಡಿದು ನಿಂತರು. ನಾನು ಕರವಸ್ತ್ರ ಸರಿಸಿ, "ಚಾಲೂ ಮಾಡಿ ನೋಡ್ರಿ" ಎಂದೆ. ಅಳಿಯ ಗುಂಡಿ ಒತ್ತಿದ. ತಟ್ಟನೆ ಪೆಂಗ್ವಿನ್ ಬಂತು, ಹಿಂದೆಯೇ ಖಾಲಿ ನೀಲಿ ಪರದೆ. ಅವನ ಮುಖದ ರಕ್ತ ಇಳಿದುಹೋದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆದರೂ ಪುಣ್ಯಾತ್ಮ, "ಭಾಳ ಛಲೋ ಆಗೇತ್ರಿ ಮಾವಾರ" ಎಂದ. ಎಂದು ನನ್ನ ಕಡೆಯಲ್ಲ, ನನ್ನ ಮಗಳ ಕಡೆ ನೋಡಿದ.

"ಅಪ್ಪಾ!" ಸ್ನೇಹಲ್ ಕೈಯ ಆರತಿ ವಾಲಿತು. ಮಹಾದೇವಿ ಹಿಡಿಯದಿದ್ದರೆ ದೀಪ ಅಳಿಯನ ತೊಡೆಯ ಮೇಲೇ ಬೀಳುತ್ತಿತ್ತು. "ನನ್ನ ಹೊಲಾ! ನನ್ನ ಹೊಲಾ ಎಲ್ಲಿ ಹೋತಪ್ಪಾ?"

ನಾನು ದಿಗಿಲುಬಿದ್ದೆ. ಯಾವ ಹೊಲ? ಕೇಳಿದರೆ, ಆ ಡಬ್ಬಿಯಲ್ಲಿ ಬೇಸಾಯದ ಆಟವೊಂದಿತ್ತಂತೆ. ಕಲ್ಲು ಆರಿಸಿ, ಉತ್ತು, ಬಿತ್ತಿ, ನೀರುಣಿಸಿ ಆಕೆ ಮದುವೆಯಾದಾಗಿನಿಂದ ಬೆಳೆಸಿದ ಹೊಲ. ಹಣ್ಣಿನ ತೋಟ, ಹೂವಿನ ಮಡಿ, ಸಣ್ಣದೊಂದು ಕೆರೆ. ಆಡುವವಳು ಅವಳು, ಡಬ್ಬಿ ಗಂಡನದೆಂದು ಹೆಸರು. ಸೊಸೆ ಆಟ ಆಡುತ್ತಾಳೆಂದರೆ ಚೆನ್ನಾಗಿರುವುದಿಲ್ಲವೆಂದು ಆ ಹುಡುಗ ಅಪ್ಪನ ಬೈಗುಳವನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದ.

"ಬ್ಯಾಕಪ್ ತಗೊಂಡಿದ್ರೇನು?" ಎಂದಳು ಮಗಳು. ಊರಿಗೆಲ್ಲ ಬ್ಯಾಕಪ್ ಉಪದೇಶ ಮಾಡಿದ ನಾನು ಕೈಯಲ್ಲಿದ್ದ ಕರವಸ್ತ್ರ ಮಡಚತೊಡಗಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ಊರಾಗ ನಮ್ಮ ಹೊಲದಾಗ ಏನ ಬಿತ್ತೂಣಂತ ನನ್ನ ಯಾರೂ ಕೇಳಂಗಿಲ್ಲಪ್ಪಾ. ಇದರಾಗ ನಾ ಅಂದಿದ್ದ ಬಿತ್ತತಿದ್ದೆ."

ಹೆಣ್ಣು ಕೊಡುವ ಮುಂಚೆ ನಾನು ಆ ಹೊಲದ ಮಣ್ಣು ಮುಟ್ಟಿ ನೋಡಿದ್ದೆ, ಬಾವಿಗೆ ಬಗ್ಗಿ ನೀರು ನೋಡಿದ್ದೆ. ಅಲ್ಲಿ ಏನು ಬಿತ್ತಬೇಕೆಂಬ ಆಸೆ ನನ್ನ ಮಗಳಿಗೂ ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಷ್ಟರಲ್ಲಿ ನೆನಪಾಯಿತು: ಫೋನ್ ಚಾಲೂ ಇದೆ. ಬೀಗತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಮಗಳ ಗುಟ್ಟನ್ನು ಅತ್ತೆಯ ಮುಂದೆ ಬಯಲು ಮಾಡಿದವನು ಅವಳ ಸ್ವಂತ ಅಪ್ಪ! ಫೋನನ್ನು ಮಗ್ಗುಲಿಗೆ ತಿರುಗಿಸಲು ಹೋಗಿ ತುಪ್ಪದ ತಂಬಿಗೆಯನ್ನೇ ಉರುಳಿಸಿದೆ.

"ಅಣ್ಣಾರ, ಫೋನ್ ಈ ಕಡಿ ತಿರಗಸ್ರಿ" ಎಂದಿತು ಆ ದನಿ.

ತುಪ್ಪ ಹತ್ತಿದ ಕೈಯಲ್ಲಿ ತಿರುಗಿಸಿದೆ. "ಅಕ್ಕಾರ, ಹುಡುಗೀದೇನೂ ತಪ್ಪಿಲ್ರಿ" ಎಂದು ತೊದಲಿದೆ. "ಮದುವಿಗಿಂತ ಮದಲ ಹಿಂಗಿರಲಿಲ್ರಿ ಅಕಿ. ನಾ ಬುದ್ಧಿ ಹೇಳ್ತೀನ್ರಿ..."

"ಅದು ಅತ್ಲಾಗಿರ್ಲಿ." ಬೀಗತಿ ಮುಖವನ್ನು ಕ್ಯಾಮರಾಕ್ಕೆ ತೀರ ಹತ್ತಿರ ತಂದರು. "ನನ್ನ ಕೋಳಿ ಉಳದಾವೋ ಇಲ್ಲೋ, ಅದನ್ನ ಹೇಳ್ರಿ."

ನಮ್ಮ ಬೀಗರ ಮನೆಯನ್ನು ನೀವು ನೋಡಬೇಕು. ಅಲ್ಲಿ ಮೊಟ್ಟೆ ಎಂಬ ಮಾತನ್ನು ಸಹ ದೇವರ ಕೋಣೆಯ ಹತ್ತಿರ ಆಡುವುದಿಲ್ಲ. ನೆರೆಯವರ ಕೋಳಿ ಅಪ್ಪಿತಪ್ಪಿ ಅಂಗಳಕ್ಕೆ ಬಂದರೆ ಓಡಿಸಿ ನೆಲ ಸಾರಿಸುತ್ತಾರೆ. ಆ ಮನೆಯ ಯಜಮಾನತಿ, ಗಂಡಸರು ಹೊಲಕ್ಕೆ ಹೋದ ಮೇಲೆ, ಸೊಸೆಯ ಪಕ್ಕದಲ್ಲಿ ಕೂತು ದಿನವೂ ಆಟದೊಳಗಿನ ಕೋಳಿಗಳಿಗೆ ಕಾಳು ಹಾಕುತ್ತಿದ್ದರು! ಪ್ರತಿಯೊಂದಕ್ಕೂ ಹೆಸರಿಟ್ಟಿದ್ದರು! ಮಹಾದೇವಿ ಆರತಿ ಹಿಡಿದಲ್ಲೇ ಕಲ್ಲಾದಳು. ಸ್ನೇಹಲ್ ಅಳುವುದನ್ನು ಬಿಟ್ಟು ನೆಲ ನೋಡತೊಡಗಿದಳು. ಎಲ್ಲವೂ ತಿಳಿದಿದ್ದ ಅಳಿಯನೊಬ್ಬ ಮಾತ್ರ ನಿಧಾನಕ್ಕೆ ಧೋಂಡೆಗೆ ಕೈ ಹಾಕಿದ.

ಒಂದೂ ಉಳಿದಿಲ್ಲ ಎಂದೆ. ಆಕೆ ಜಿಲೇಬಿಯ ದಿನ ನೋಡಿದ ಹಾಗೆಯೇ ಒಮ್ಮೆ ನೋಡಿದರು. ಆಮೇಲೆ ತೀರ್ಪು ಬಂತು. "ಡಬ್ಬಿ ನಿಮ್ಮಲ್ಲೇ ಇಟ್ಕೋರಿ ಅಣ್ಣಾರ. ಮದಲ ಹೆಂಗಿತ್ತೋ ಹಂಗ ಮಾಡಿ ಕಳಸ್ರಿ. ಹೊಲಾ ಹೆಂಗಿತ್ತಂತ ಸೊಸಿ ಹೇಳ್ತಾಳ, ಕೋಳಿದು ನಾ ಹೇಳ್ತೀನಿ. ಮತ್ತ ಇದನ್ನ ನಮ್ಮವರ ಮುಂದ ಬಾಯಿ ಬಿಡಬ್ಯಾಡ್ರಿ."

ಹೀಗಾಗಿ ನಾನೀಗ ಅಂಗಡಿಯ ಹಣದ ಗಲ್ಲೆಯ ಮೇಲೆ ಕೂತು ಬೇಸಾಯ ಮಾಡುತ್ತಿದ್ದೇನೆ. ಮಣ್ಣಿನ ಕೆಲಸ ಬೇಡವೆಂದು ವ್ಯಾಪಾರಕ್ಕೆ ಬಂದ ಮನೆತನ ನಮ್ಮದು. ಆಟವನ್ನು ಮತ್ತೆ ಹಾಕಿಕೊಂಡಿದ್ದೇನೆ. ಹೊಸ ಸಿಸ್ಟಮ್ಮಿನಲ್ಲಿ ಅದು ಮೊದಲಿಗಿಂತ ಚುರುಕಾಗಿ ಓಡುತ್ತದೆ, ಆದರೆ ಈ ಮಾತನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲು ತಯಾರಿಲ್ಲ. ಸ್ನೇಹಲ್ ವಾಗದರಿಯಿಂದ ಫೋನಿನಲ್ಲಿ ಅಪ್ಪಣೆ ಕೊಡುತ್ತಾಳೆ. ಇಲ್ಲಿ ಜೋಳ ಹಾಕಿದರೆ ಚೆನ್ನಾಗಿರುತ್ತದಲ್ಲ ಎಂದು ಒಮ್ಮೆ ಸಲಹೆ ಕೊಟ್ಟೆ. "ನಾ ನಿಮ್ಮನ್ನ ಕೇಳಿಲ್ಲಪ್ಪಾ" ಎಂದಳು. ದನಿಯಲ್ಲಿ ಎಂಥ ಗತ್ತು! ನನಗೆ ಒಳಗೊಳಗೇ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ನಿನ್ನೆ ನನ್ನ ಕೋಳಿ ಮೊದಲ ಮೊಟ್ಟೆ ಇಟ್ಟಿತು. ಜನ್ಮದಲ್ಲಿ ಮೊಟ್ಟೆ ಮುಟ್ಟದವನು ನಾನು, ಗಿರಾಕಿಯ ಮುಂದೆ ಬಿಚ್ಚಿದ ಚಾದರವನ್ನು ಹಾಗೇ ಬಿಟ್ಟು "ಇಟ್ಟಿತು, ಇಟ್ಟಿತು!" ಎಂದು ಕೂಗಿಬಿಟ್ಟೆ. ಫೋಟೋ ತೆಗೆದು ಬೀಗತಿಗೆ ಕಳಿಸಿದೆ. ಮರುಕ್ಷಣವೇ ಫೋನ್ ಬಂತು. "ನಮ್ಮವು ಕೆಂಪು ಮೊಟ್ಟಿ ಇಡ್ತಿದ್ವು ಅಣ್ಣಾರ. ಇದು ಬಿಳೀದೈತಿ. ನೀವು ಬ್ಯಾರೇ ಕೋಳಿ ತಂದೀರಿ."

ಮೊಟ್ಟೆಯಲ್ಲಿ ಎರಡು ಬಣ್ಣ ಇರುತ್ತವೆಂಬುದೇ ನನಗೆ ಗೊತ್ತಿರಲಿಲ್ಲ. ಕೆಂಪು ಮೊಟ್ಟೆ ಇಡುವ ಕೋಳಿ ಯಾವುದು ಎಂದು ಯಾರನ್ನಾದರೂ ಕೇಳೋಣವೆಂದರೆ, ನಮ್ಮ ಇಡೀ ಬಳಗದಲ್ಲಿ ಆ ವಿಷಯ ತಿಳಿದವರು ಬೀಗತಿಯೊಬ್ಬರೇ.