ಹದಿನಾರನೇ ನಂಬರಿನ ಗಾಳ

ಮೀನಿನ ರುಚಿಯೇ ಗೊತ್ತಿಲ್ಲದವನು ಗಾಳ ಮಾರಲು ಕೂತರೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನನಗೆ ಆದದ್ದನ್ನು ಆದಂತೆಯೇ ಹೇಳುತ್ತೇನೆ. ಕೇಳಿದವರೆಲ್ಲ ನಕ್ಕಿದ್ದಾರೆ. ಆಗುವಾಗ ಮಾತ್ರ ನನಗೆ ನಗು ಬಂದಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಕಾಂ. ಮುಗಿಸಿ ದಾವಣಗೆರೆ ಮಂಡಿಪೇಟೆಯ ನಮ್ಮ ಕಬ್ಬಿಣದ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದೆ. ಮೊಳೆ, ಚಿಲಕ, ತಂತಿ, ಹಗ್ಗ ಎಲ್ಲ ಇದ್ದವು. ಮೂಲೆಯ ಒಂದು ಡ್ರಾಯರಿನಲ್ಲಿ ಮೀನಿನ ಗಾಳ, ನೈಲಾನ್ ದಾರ, ಸೀಸದ ಗುಂಡುಗಳೂ ಇದ್ದವು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಮೊಟ್ಟೆ ಇಟ್ಟ ಅಂಗಡಿಯಲ್ಲಿ ನಾವು ಬ್ರೆಡ್ಡು ಸಹ ಕೊಳ್ಳುತ್ತಿರಲಿಲ್ಲ. ಹಾಗಿದ್ದ ಮೇಲೆ ಗಾಳ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಗಾಳ ಕಬ್ಬಿಣದ್ದು. ಕಬ್ಬಿಣ ನಮ್ಮ ವ್ಯಾಪಾರ. ಅದನ್ನ ಕಚ್ಚೋರು ಯಾರು ಅಂತ ನಾವು ಕೇಳಬಾರದು" ಎಂದಿದ್ದರು. ಆ ಡ್ರಾಯರಿನ ಸುದ್ದಿಯನ್ನು ಅವ್ವನಿಗೆ ಮಾತ್ರ ನಾವಿಬ್ಬರೂ ಹೇಳಿರಲಿಲ್ಲ.

ದೊಡ್ಡ ನಂಬರು

ನಾನು ಮಾರಿದ ಮೊದಲ ಗಾಳ ಕುಕ್ಕುವಾಡದ ಒಬ್ಬ ರೈತರಿಗೆ. ಕಾಲುವೆಯಲ್ಲಿ ದೊಡ್ಡದೊಂದು ಬಾಳೆ ಮೀನು ಸೇರಿಕೊಂಡಿದೆ, ಹಾಕಿದ ಗಾಳವನ್ನೆಲ್ಲ ಮುರಿದುಕೊಂಡು ಹೋಗುತ್ತಿದೆ ಎಂದರು. "ಇರೋದ್ರಾಗೆ ದೊಡ್ಡ ಗಾಳ ಕೊಡ್ರಿ" ಎಂದು ಕೇಳಿದರು. ಅಪ್ಪ ಊಟಕ್ಕೆ ಹೋಗಿದ್ದರು. ಡ್ರಾಯರಿನಲ್ಲಿದ್ದ ಪೊಟ್ಟಣಗಳ ಮೇಲೆ ನಾಲ್ಕು, ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು ಎಂದು ನಂಬರು ಬರೆದಿತ್ತು. ನಾನು ಲೆಕ್ಕ ಓದಿದವನು. ಇಪ್ಪತ್ತರ ಪೊಟ್ಟಣ ಎತ್ತಿ ಕೊಟ್ಟೆ. ಅವರೂ ನಂಬಿಕೆಯಿಂದ ಬಿಚ್ಚದೆ ತೆಗೆದುಕೊಂಡು ಹೋದರು.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಬಂದು ನಿಂತಿದ್ದರು. ಪೊಟ್ಟಣ ಬಿಚ್ಚಿ ಅಂಗೈ ಮುಂದೆ ಹಿಡಿದರು. ಬಗ್ಗಿ ನೋಡಿದರೂ ನನಗೇನೂ ಕಾಣಲಿಲ್ಲ. ಇನ್ನೂ ಬಗ್ಗಿದಾಗ ಇರುವೆಯ ಕಾಲಿನಂಥದ್ದು ಏನೋ ಮಿನುಗಿತು.

"ಇದ್ರಾಗೆ ಬಾಳೆ ಮೀನು ಹಿಡೀಲೇನ್ರಿ, ಸೊಳ್ಳೆ ಹಿಡೀಲೇನ್ರಿ?"

ಅಪ್ಪ ಕ್ಷಮೆ ಕೇಳಿ ನಾಲ್ಕನೇ ನಂಬರಿನ ಗಾಳ ಕೊಟ್ಟರು. ಗಾಳದ ಲೆಕ್ಕ ಉಲ್ಟಾ, ನಂಬರು ಏರಿದಂತೆ ಗಾಳ ಸಣ್ಣದಾಗುತ್ತದೆ ಎಂದು ನಮ್ಮಿಬ್ಬರಿಗೂ ಸಮಾಧಾನದಿಂದ ವಿವರಿಸಿದರು. ರೈತರು ಹೊಸ ಪೊಟ್ಟಣವನ್ನು ಜೇಬಿಗೆ ಇಳಿಸಿದರು.

"ಹಂಗಾದ್ರೆ ನನ್ನ ಮಗ ಪರೀಕ್ಷೆದಾಗೆ ತರೋ ನಂಬರೂ ಇದೇ ಲೆಕ್ಕದಾಗೆ ಇರಬಕು. ನಾನು ಸುಮ್ನೆ ಹೊಡೆದೆ" ಎಂದು ಹೊರಟು ಹೋದರು.

ಅಕ್ಕಸಾಲಿಯ ತಕ್ಕಡಿ

ಆ ಇಪ್ಪತ್ತು, ಹದಿನಾರರ ಪೊಟ್ಟಣಗಳನ್ನು ಕೊಳ್ಳುತ್ತಿದ್ದವರು ಒಬ್ಬರೇ. ಹರಿಹರದಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಚಾಚಾ. ಅರವತ್ತು ದಾಟಿದವರು, ಹೆಚ್ಚು ಮಾತಿಲ್ಲ. ಒಂದು ಕಾಲದಲ್ಲಿ ಅವರ ಮುಂದೆ ಕೀಲಿ ಕೊಡುವ ವಾಚುಗಳು ಸಾಲಾಗಿ ಇರುತ್ತಿದ್ದವಂತೆ. ಸೆಲ್ಲಿನ ವಾಚು ಬಂದ ಮೇಲೆ ಅವರ ಬಾಗಿಲಿಗೆ ಬರುವವರು ಕಡಿಮೆಯಾದರು. "ಕೆಟ್ರೆ ಬಿಸಾಕ್ತಾರೆ ಬೇಟಾ. ಬಿಸಾಕೋದನ್ನ ನಾನು ಹೆಂಗೆ ರಿಪೇರಿ ಮಾಡ್ಲಿ?" ಎಂದು ಒಂದು ಸಲ ಹೇಳಿದ್ದರು. ಸಮಯ ಉಳಿಯಿತು. ಉಳಿದ ಸಮಯವನ್ನು ಹೊಳೆಗೆ ಕೊಟ್ಟರು.

ಅವರಿಗೆ ಗಾಳಕ್ಕಿಂತ ಭಾರದ ಚಿಂತೆ ಹೆಚ್ಚು. ನಮ್ಮಲ್ಲಿದ್ದ ಸೀಸದ ಗುಂಡು ಹುಣಸೆ ಬೀಜದಷ್ಟು. ಅವರಿಗೆ ಸಾಸಿವೆಯಷ್ಟು ಬೇಕು. "ಬ್ಯಾಸಿಗ್ಯಾಗೆ ನೀರು ತಿಳಿಯಾಗಿ ನಿಂತಿರ್ತೈತೆ. ಗೆಂಡೆ ಮೀನು ಹಿಟ್ಟನ್ನ ಬಾಯಾಗೆ ಇಟ್ಟು ನೋಡ್ತೈತೆ. ಭಾರ ಗೊತ್ತಾದ್ರೆ ಉಗುಳಿ ಹೋಗ್ತೈತೆ. ಭಾರ ಇಲ್ದಿದ್ರೆ ಗಾಳ ತಳಕ್ಕೇ ಇಳಿಯಲ್ಲ. ಎರಡರ ನಡುವೆ ಒಂದು ತೂಕ ಐತೆ. ಅದನ್ನ ಹುಡುಕಬಕು." ಗುಂಡನ್ನು ಬ್ಲೇಡಿನಲ್ಲಿ ಕೊಯ್ದು ಅವರೇ ಕಾಳು ಮಾಡುತ್ತಿದ್ದರು. ಆದರೆ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ವಾಚಿನವರಿಗೆ ಅದು ಸಹಿಸುವಂಥದ್ದಲ್ಲ.

ಕೊನೆಗೆ ಇಬ್ಬರೂ ಬೀದಿಯ ಕೊನೆಯಲ್ಲಿದ್ದ ಅಕ್ಕಸಾಲಿಯ ಬಳಿ ಹೋದೆವು. ಚಾಚಾ ಕರವಸ್ತ್ರದ ಗಂಟು ಬಿಚ್ಚಿ ಕಾಳುಗಳನ್ನು ಒಂದೊಂದಾಗಿ ತಕ್ಕಡಿಗೆ ಇಟ್ಟರು. ಅಕ್ಕಸಾಲಿ ಗುಲಗಂಜಿ ಹಾಕಿ ತೂಗಿದರು. ಉಸಿರು ತಾಗೀತೆಂದು ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು. ಹನ್ನೆರಡು ಕಾಳು ಸಮ ಬಂದ ಮೇಲೆ ಅಕ್ಕಸಾಲಿ ತಲೆ ಎತ್ತಿದರು.

"ಬಂಗಾರ ಭಾಳ ಕಪ್ಪಾಗೇತಲ್ಲ ಸಾಹೇಬ್ರೆ. ಯಾರಿಗೆ ಇದು?"

"ಬಂಗಾರ ಅಲ್ರಿ, ಸೀಸ. ಮೀನಿಗೆ. ತುಟಿ ಹತ್ರ ಬರಬಕು."

ಅಕ್ಕಸಾಲಿ ಗಂಭೀರವಾಗಿ ತಲೆಯಾಡಿಸಿದರು. "ಮೂಗುತಿ ಅಂತ ಮೊದ್ಲೇ ಹೇಳ್ಬಾರ್ದಾ? ತಿರುಪು ಹಾಕಿ ಕೊಡ್ತಿದ್ದೆ."

ದೇವರ ಮನೆಯ ಪರದೆ

ಚಾಚಾಗೆಂದು ತೆಗೆದಿಟ್ಟ ಗಾಳದ ಪೊಟ್ಟಣ ಒಮ್ಮೆ ನನ್ನ ಅಂಗಿಯ ಜೇಬಿನಲ್ಲೇ ಉಳಿದು ಮನೆಗೆ ಬಂತು. ಒಗೆಯುವ ಮೊದಲು ಜೇಬು ನೋಡುವುದು ಅವ್ವನ ಅಭ್ಯಾಸ.

"ಏನೋ ಇದು?"

ಬಾಯಿಗೆ ಬಂದದ್ದನ್ನು ಹೇಳಿದೆ. "ಪರದೆ ಕೊಕ್ಕೆ, ಅವ್ವಾ. ಹೊಸಾದು ಬಂದಾವೆ."

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಸಂಜೆ ಬಂದು ನೋಡಿದರೆ ದೇವರ ಮನೆಗೆ ಹೊಸ ಪರದೆ ಬಿದ್ದಿದೆ. ಮೇಲಿನ ತಂತಿಯಿಂದ ಹತ್ತು ಮೀನಿನ ಗಾಳ ಅದನ್ನು ಎತ್ತಿ ಹಿಡಿದಿವೆ. ಗಾಳದ ತುದಿಗೆ ಮುಳ್ಳು ಇರುವುದರಿಂದ ಬಟ್ಟೆ ಕಚ್ಚಿ ಕೂತಿತ್ತು, ಜಗ್ಗಿದರೂ ಬರುತ್ತಿರಲಿಲ್ಲ. ಅಪ್ಪ ಲಿಂಗಪೂಜೆಗೆ ಕೂತವರು ತಲೆ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಆ ದಿನ ಪೂಜೆ ಬಹಳ ಹೊತ್ತು ನಡೆಯಿತು.

ಅವ್ವ ಅಕ್ಕಪಕ್ಕದವರಿಗೆ ತೋರಿಸಿದರು. "ಎಷ್ಟು ಸಣ್ಣವು ನೋಡ್ರಿ, ಕಣ್ಣಿಗೇ ಕಾಣಲ್ಲ. ನಮ್ಮ ಅಂಗಡ್ಯಾಗೇ ಸಿಗ್ತಾವೆ." ವಾರದೊಳಗೆ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅಂಗಡಿಗೆ ಬಂದು ದೇವರ ಮನೆಗೆ ಬೇಕೆಂದು ಹೇಳಿ ಗಾಳ ತೆಗೆದುಕೊಂಡು ಹೋದರು. ನಿಜ ಹೇಳಲು ನನಗೆ ಧೈರ್ಯವಾಗಲಿಲ್ಲ. ಅಪ್ಪನಿಗೂ ಆಗಲಿಲ್ಲ.

ಗಾಳ ಪೂರೈಸುತ್ತಿದ್ದ ಏಜೆಂಟರು ಬಂದಾಗ ಖಾಲಿ ಡ್ರಾಯರು ನೋಡಿ ಬೆರಗಾದರು. "ಏನ್ ಸಾವ್ಕಾರ್ರೆ, ಈ ಸಲ ಹೊಳ್ಯಾಗೆ ಮೀನು ಜಾಸ್ತಿ ಆಗ್ಯಾವೇನು?"

ಅಪ್ಪ ಮೊಳೆ ತೂಗುತ್ತಲೇ ಹೇಳಿದರು: "ಇಲ್ರಿ. ಭಕ್ತಿ ಜಾಸ್ತಿ ಆಗೇತೆ."

ಗಾಳಿಗೆ ಬಂದಿದ್ದೆ

ಚಾಚಾರ ಕಣ್ಣು ಮಂಜಾಗುತ್ತ ಬಂತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿದರೂ ಹದಿನಾರನೇ ನಂಬರಿನ ಗಾಳದ ಕಣ್ಣಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. "ದೊಡ್ಡ ಗಾಳ ತಗೋರಿ ಚಾಚಾ" ಎಂದೆ. "ಸಣ್ಣ ಬಾಯಿಗೆ ದೊಡ್ಡ ಗಾಳ ಹಾಕೋದು ಮೀನಿಗೆ ಅವಮಾನ" ಎಂದು ಪೊಟ್ಟಣವನ್ನು ಹಿಂದಕ್ಕೆ ತಳ್ಳಿದರು. ಆ ಮುಖ ನೋಡಲಾಗದೆ ಭಾನುವಾರ ಹರಿಹರಕ್ಕೆ ಹೋಗತೊಡಗಿದೆ. ಗಂಟು ಹಾಕುವುದು, ಗೋಧಿ ಹಿಟ್ಟು ಕಲಸುವುದು ನನ್ನ ಕೆಲಸ. ಹಿಡಿಯುವುದು ಅವರದು. ಮನೆಯಲ್ಲಿ ಮಾತ್ರ ದೇವಸ್ಥಾನಕ್ಕೆ ಎನ್ನುತ್ತಿದ್ದೆ. ಅದೂ ಪೂರ್ತಿ ಸುಳ್ಳಲ್ಲ, ದೇವಸ್ಥಾನ ಹತ್ತಿರವೇ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಚಾಚಾ ದಾರವನ್ನು ನನ್ನ ಬಲಗೈ ಬೆರಳಿಗೆ ಎರಡು ಸುತ್ತು ಸುತ್ತಿದರು. "ಸೀಸ ತಳ ಮುಟ್ಟೋದು ನಿನಗೂ ಗೊತ್ತಾಗಬಕು. ಕಣ್ಣು ಮುಚ್ಚು." ಮುಚ್ಚಿದೆ. ಮರಳಿನ ಮೇಲೆ ಸಾಸಿವೆಯಷ್ಟು ಭಾರ ಹೊರಳುವುದು ನಿಜವಾಗಿಯೂ ಬೆರಳಿಗೆ ತಿಳಿಯಿತು. ಅಷ್ಟು ಸಣ್ಣದು ಅಷ್ಟು ದೂರದಿಂದ ಮಾತಾಡಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಕಣ್ಣು ಬಿಟ್ಟರೆ ಎದುರಿಗೆ ಒಬ್ಬರು ವಿಭೂತಿ ಧರಿಸಿದ ಹಿರಿಯರು ನಿಂತಿದ್ದಾರೆ. ಹರಿಹರದ ಒಂದು ಮನೆಯಲ್ಲಿ ನನಗೆ ಹೆಣ್ಣು ನೋಡುವ ಮಾತಾಗಿತ್ತು, ಮುಂದಿನ ವಾರ ಹೋಗಬೇಕಿತ್ತು. ಇವರು ಆ ಹುಡುಗಿಯ ತಂದೆ. ಒಮ್ಮೆ ಅಂಗಡಿಗೆ ಬಂದು ನನ್ನನ್ನು ನೋಡಿ ಹೋಗಿದ್ದರು. ದೇವರ ದರ್ಶನ ಮುಗಿಸಿ ಹೊಳೆ ನೋಡಲು ಇಳಿದಿದ್ದರು.

"ನೀವು ಮಂಡಿಪೇಟೆಯವ್ರಲ್ಲ? ಇಲ್ಲೇನು?"

"ಗಾಳ... ಗಾಳಿಗೆ ಬಂದಿದ್ದೆ ರೀ."

ಚಾಚಾ ಸದ್ದಿಲ್ಲದೆ ಹಿಟ್ಟಿನ ಡಬ್ಬಿಯ ಮೇಲೆ ಕೂತರು. ಹಿರಿಯರು ನೀರಿಗೆ ಬೆನ್ನು ಮಾಡಿ ನನ್ನೆದುರು ನಿಂತರು. ದಾರ ಅವರ ಪಂಚೆಯ ಪಕ್ಕದಲ್ಲೇ ಹಾದು ನೀರಿಗೆ ಇಳಿದಿತ್ತು. ತೆಳ್ಳಗಿನ ನೈಲಾನು, ಅವರಿಗೆ ಕಾಣುತ್ತಿರಲಿಲ್ಲ.

"ಓದಿದ್ದು ಬಿ.ಕಾಂ. ಅಂದ್ರು?"

"ಹೌದ್ರಿ" ಎನ್ನುವಷ್ಟರಲ್ಲಿ ಮೀನು ಕಚ್ಚಿತು. ನನ್ನ ಕೈ ಫಕ್ಕನೆ ಮುಂದಕ್ಕೆ ಹೋಯಿತು. ಎಳೆದುಕೊಂಡೆ. ಮತ್ತೆ ಹೋಯಿತು.

"ಅಂಗಡಿ ಪೂರ್ತಿ ನೀವೇ ನೋಡ್ಕಂತೀರಾ?"

"ಅಪ್ಪಾಜಿ ಜೊ... ಜೊತೆಗೆ ರೀ." ಕೈ ಸೊಂಟದಿಂದ ಭುಜದವರೆಗೆ ಏರಿ ಇಳಿಯಿತು. ಚಾಚಾ ತುಟಿ ಅಲುಗಿಸದೆ, "ಸಡಿಲ ಬಿಡು, ಸಡಿಲ" ಎಂದರು. ಹಿರಿಯರು ಅದು ನಡುಗುವ ನನ್ನ ಕೈಗೆ ಹೇಳಿದ ಸಮಾಧಾನವೆಂದು ತಿಳಿದು ತಲೆಯಾಡಿಸಿದರು. ಹೋಗುವಾಗ ನಾನು ಕೈ ಮುಗಿದೆ. ಎಡಗೈ ಎದೆಯ ಮುಂದೆ ನಿಂತಿತು. ಬಲಗೈ ಅದನ್ನು ಹುಡುಕಿಕೊಂಡು ಮೂರು ಸಲ ಬಂದು ಮೂರು ಸಲವೂ ಹೊಳೆಯ ಕಡೆಗೆ ಓಡಿತು.

ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ದಾರ ಎಳೆದೆವು. ಗೇಣುದ್ದದ ಗೆಂಡೆ. ನನ್ನ ಬೆರಳು ಕೊಯ್ದು ರಕ್ತ ಬಂದಿತ್ತು. ನನ್ನ ಮುಖ ನೋಡಿ ಚಾಚಾ ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟರು.

ಎರಡು ದಿನಕ್ಕೆ ಹರಿಹರದಿಂದ ಹೇಳಿ ಕಳಿಸಿದರು. ಹುಡುಗ ಒಳ್ಳೆಯವನು, ವಿನಯವಂತ, ಒಪ್ಪಿಗೆ. ಬಲಗೈ ನಡುಕವನ್ನು ಮಾತ್ರ ಒಮ್ಮೆ ದೊಡ್ಡ ಡಾಕ್ಟರಿಗೆ ತೋರಿಸಬೇಕು. ಅವ್ವ ಅತ್ತರು. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಡಾಕ್ಟರು ಬಡಿದು, ತಿರುಚಿ, ಬೆಳಕು ಬಿಟ್ಟು ನೋಡಿ ಏನೂ ಇಲ್ಲವೆಂದು ಬರೆದುಕೊಟ್ಟರು. ಆ ಚೀಟಿಯ ಬಲದ ಮೇಲೆ ಮದುವೆಯಾಯಿತು.

ತಿಂಗಳಾದ ಮೇಲೆ ಮನಸ್ಸು ತಡೆಯದೆ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತೈತ್ರಿ. ನಾನು ಮ್ಯಾಲಿನ ಮೆಟ್ಟಿಲ ಮ್ಯಾಲೆ ನಮ್ಮವ್ವನ ಜೊತೆ ನಿಂತಿದ್ದೆ. ಅವ್ವ ಗುಡಿ ಕಡೆ ತಿರುಗಿ ಕೈ ಮುಗೀತಿದ್ಲು. ಅಪ್ಪಾಜಿ ಬೆನ್ನ ಹಿಂದೆ ಮೀನು ಎರಡು ಸಲ ಹಾರ್ತು."

"ಮತ್ತೆ ಅವರಿಗೆ ಯಾಕ ಹೇಳ್ಲಿಲ್ಲ?"

"ಕೈ ನಡುಕ ಅಂದ್ರೆ ಡಾಕ್ಟರ್ ಹತ್ರ ಕಳಿಸ್ತಾರೆ. ಮೀನು ಅಂದಿದ್ರೆ ಬ್ಯಾರೆ ಗಂಡು ನೋಡ್ತಿದ್ರು."