ನಾಲಿಗೆ ಕತ್ತರಿಸಿಕೊಂಡ ಕ್ಯಾಮೆರಾ

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ಹೇಳುವವರ ಪೈಕಿ ನಾನಿಲ್ಲ. ಹುಚ್ಚಿಗೆ ಔಷಧಿ ಇದೆ.

ಅವರು ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ಪುಟ್ಟ ಸ್ಟುಡಿಯೊ ಇಟ್ಟಿದ್ದರು. ಊರಿಗೆಲ್ಲ ಡಿಜಿಟಲ್ ಬಂದು, ನನ್ನಂಥ ಐರೋಲಿಯ ಐಟಿ ಕೂಲಿಗಳೂ ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ತಿರುಗುತ್ತಿದ್ದ ಕಾಲ. ಆಗ ಈ ಮಹಾಶಯರು ಹಳೇ ಸಾಮಾನಿನ ಅಂಗಡಿಯಿಂದ ಒಂದು ಪೆಟ್ಟಿಗೆ ಹೊತ್ತು ತಂದರು. ಹಿಂದಿನ ಕಾಲದ ಪತ್ರಿಕೆಯವರು ಬಳಸುತ್ತಿದ್ದ ಮಡಚುವ ಕ್ಯಾಮೆರಾ. ಮುಚ್ಚಿದರೆ ದೊಡ್ಡ ಟಿಫಿನ್ ಡಬ್ಬಿ. ಮುಂದಿನ ಮುಚ್ಚಳ ಕೆಳಗೆ ಬಿಟ್ಟರೆ ಅದು ನಾಲಿಗೆ ಚಾಚಿದ ಹಾಗೆ ಹಲಗೆಯಾಗಿ ನಿಲ್ಲುತ್ತದೆ. ಅದರ ಮೇಲಿನ ಹಳಿಯಲ್ಲಿ ಹಾರ್ಮೋನಿಯಂ ತಿದಿಯನ್ನು ಎಳೆದುಕೊಂಡು ಲೆನ್ಸು ಮುಂದಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದೇ ಫಿಲ್ಮು, ಅಂಗೈ ಅಗಲದ್ದು.

ಯಾಕೆ ಬೇಕಿತ್ತು ಇದೆಲ್ಲ? ಅಜ್ಜಿಗೋಸ್ಕರ.

ಅಜ್ಜಿ ಡೊಂಬಿವಲಿಯ ಒಂದು ಚಾಳಿನಲ್ಲಿ, ಅಂದರೆ ಹಳೇ ವಠಾರದಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮನ ಜೊತೆ ಇದ್ದರು. ಜಾರಿ ಬಿದ್ದು ಸೊಂಟ ಮುರಿದ ಮೇಲೆ ಮಂಚದಿಂದ ಇಳಿಯುವ ಹಾಗಿರಲಿಲ್ಲ. ಅಷ್ಟರಲ್ಲಿ ಬಿಲ್ಡರ್ ಬಂದ. ಚಾಳು ಕೆಡವಿ ಟವರ್ ಕಟ್ಟುತ್ತೇನೆ, ಕೋಣೆಗೊಂದು ಫ್ಲ್ಯಾಟು ಎಂದ. ಕೋಣೆ ಅಜ್ಜಿಯ ಹೆಸರಿನಲ್ಲಿತ್ತು. ಅವತ್ತಿನಿಂದ ಠಾಣೆ ಪಟ್ಟಣದ ದೊಡ್ಡಪ್ಪನಿಗೂ ಖಾರಘರದ ನನ್ನ ಅಪ್ಪನಿಗೂ ಮಾತು ನಿಂತಿತು. ಇಬ್ಬರಿಗೂ ಸ್ವಂತ ಫ್ಲ್ಯಾಟು ಇತ್ತು. ಇಲ್ಲದವರು ಚಿಕ್ಕಪ್ಪ ಒಬ್ಬರೇ. ಆದ್ದರಿಂದ ಅವರನ್ನು ಯಾರೂ ಏನೂ ಕೇಳಲಿಲ್ಲ.

ಇಬ್ಬರೂ ಅಜ್ಜಿಯನ್ನು ನೋಡಲು ಬರುವುದನ್ನೂ ನಿಲ್ಲಿಸಿದರು. ಪ್ರೀತಿ ಇಲ್ಲದೆ ಅಲ್ಲ. ಒಬ್ಬ ಬಂದರೆ ಇನ್ನೊಬ್ಬ, ‘ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋಗಿದ್ದಾನೆ’ ಎಂದು ಬಂಧುಗಳಿಗೆಲ್ಲ ಫೋನ್ ಮಾಡುತ್ತಿದ್ದ. ಮರ್ಯಾದಸ್ಥರ ಮನೆತನ ನೋಡಿ, ಅಪವಾದಕ್ಕೆ ಅಂಜಿ ತಾಯಿಯನ್ನೇ ಬಿಟ್ಟರು.

ಅಜ್ಜಿಯದು ಒಂದೇ ಹಟ. “ಆ ಎರಡನ್ನೂ ಒಟ್ಟಿಗೆ ಒಮ್ಮೆ ನೋಡ್ಬೇಕು ನಂಗೆ. ಮತ್ತೆ ಎಲ್ಲಿಗೆ ಬೇಕಾದ್ರೂ ತಕೊಂಡು ಹೋಗಿ.”

ಆಗ ಚಿಕ್ಕಪ್ಪನಿಗೆ ಹೊಳೆದದ್ದು ಫೋಟೋ. ಅಜ್ಜಿಯ ಜೊತೆ ಎಲ್ಲರೂ ಇರುವ ಒಂದು ಫೋಟೋ, ಅವರು ಇರುವಾಗಲೇ. ಅಜ್ಜಿ ಹೊರಗೆ ಬರುವಂತಿಲ್ಲ, ಕೋಣೆ ದೊಡ್ಡದಾಗುವಂತಿಲ್ಲ. ಸ್ಟುಡಿಯೊ ಕ್ಯಾಮೆರಾ ತಂದು ಹಿಂದೆ ಹಿಂದೆ ಹೋದರೆ ಎದುರು ಮನೆಯವರ ದೇವರ ಗೂಡಿಗೆ ಬೆನ್ನು ತಾಗುತ್ತಿತ್ತು. ಆದರೂ ಮಂಚದ ಅರ್ಧವೇ ಕಾಣುತ್ತಿತ್ತು.

ನಾನು ವಿಜ್ಞಾನಿಯಂತೆ ಸಲಹೆ ಕೊಟ್ಟೆ. “ಚಿಕ್ಕಪ್ಪ, ಸಿಂಪಲ್. ಮೂರ್ನಾಲ್ಕು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿ ಕೊಡ್ತೇನೆ.”

“ಜೋಡಿಸಿದ್ದು ಬೇಡ. ಹಾಗಾದ್ರೆ ನಿನ್ನ ದೊಡ್ಡಪ್ಪ ಒಂದು ದಿನ ಬರ್ತಾನೆ, ನಿನ್ನಪ್ಪ ಇನ್ನೊಂದು ದಿನ. ಒಂದೇ ಫಿಲ್ಮು, ಒಂದೇ ಸಲ. ಆಗ ಬರ್ಲೇಬೇಕು ಇಬ್ಬರೂ.”

ಅದಕ್ಕೆ ಬೇಕಾದದ್ದು ಇಡೀ ಕೋಣೆಯನ್ನು ಒಂದೇ ನೋಟಕ್ಕೆ ನುಂಗುವ ಅತಿ ಅಗಲದ ಲೆನ್ಸು. ಠಾಣೆಯಲ್ಲಿ ಕಟ್ಟಡಗಳ ಫೋಟೋ ತೆಗೆಯುತ್ತಿದ್ದ ಗೆಳೆಯರೊಬ್ಬರಿಂದ ತಂದರು. ಮೀನಿನ ಕಣ್ಣಿನಂತೆ ಉಬ್ಬಿದ ಗಾಜು. ಕಷ್ಟ ಶುರುವಾದದ್ದು ಅಲ್ಲಿ. ಇಂಥ ಲೆನ್ಸು ಫಿಲ್ಮಿಗೆ ತೀರಾ ಹತ್ತಿರ ಕೂರಬೇಕು. ಹಲಗೆಯ ಮೇಲೆ ಬರುವ ಮಾತೇ ಇಲ್ಲ, ಪೆಟ್ಟಿಗೆಯ ಗಂಟಲಲ್ಲೇ ಇರಬೇಕು. ಗಂಟಲಲ್ಲಿ ಕಣ್ಣಿಟ್ಟರೆ ಮೊದಲು ಕಾಣುವುದೇನು? ನಾಲಿಗೆ.

ಮೊದಲ ಫೋಟೋದ ಕೆಳಭಾಗದ ತುಂಬ ಕ್ಯಾಮೆರಾದ ಹಲಗೆಯೇ, ಹಳಿಗಳ ಸಮೇತ. ಮೇಲೆ ದೂರದಲ್ಲಿ ಅಜ್ಜಿ.

ಚಿಕ್ಕಮ್ಮ ನೋಡಿ, “ಅಂಬರನಾಥ ಲೋಕಲ್ ಇದೇ ಪ್ಲಾಟ್‌ಫಾರ್ಮಿಗೆ ಬರ್ತದಾ?” ಎಂದರು.

ಚಿಕ್ಕಪ್ಪ ಕ್ಯಾಮೆರಾವನ್ನು ಮಗ್ಗುಲಾಗಿ ಮಲಗಿಸಿದರು. ಹಲಗೆ ಬಲಗಡೆ ಗೋಡೆಯಾಗಿ ನಿಂತಿತು.

“ಈಗ ಪಾರ್ಟಿಶನ್ ಆಯ್ತು,” ಎಂದರು ಚಿಕ್ಕಮ್ಮ. “ಭಾವಂದಿರಿಗೆ ಇದೇ ಸರಿ. ಒಬ್ಬ ಆಚೆ, ಒಬ್ಬ ಈಚೆ.”

ನಡುವೆ ನನ್ನ ಕೊಡುಗೆಯೂ ಉಂಟು. ಠಾಣೆಯಿಂದ ಫಿಲ್ಮು ತುಂಬಿದ ಚೌಕಟ್ಟು ತರಲು ಕಳಿಸಿದ್ದರು. ಬರೀ ಡಬ್ಬಿ ಕೊಟ್ಟು ಮೋಸ ಮಾಡಿದ್ದಾರೋ ಏನೋ ಎಂದು ಲೋಕಲ್ಲಿನ ಕಿಟಕಿ ಸೀಟಿನಲ್ಲಿ, ಒಳ್ಳೆ ಬಿಸಿಲಿನಲ್ಲಿ, ತೆರೆದು ಪರೀಕ್ಷಿಸಿದೆ. ಮೋಸ ಇರಲಿಲ್ಲ. ಫಿಲ್ಮು ಇತ್ತು.

“ಮೊಟ್ಟೆ ಒಳಗೆ ಮರಿ ಉಂಟಾ ಅಂತ ಒಡೆದು ನೋಡಿದ ಹಾಗಾಯ್ತಲ್ಲ ಮಾರಾಯ,” ಎಂದರು ಚಿಕ್ಕಪ್ಪ. ಆಮೇಲೆ ನನಗೆ ಸ್ಟ್ಯಾಂಡು ಹೊರುವ ಕೆಲಸ ಮಾತ್ರ ಕೊಟ್ಟರು.

ಕೊನೆಗೆ ಒಂದು ಭಾನುವಾರ ಗರಗಸ ತಂದರು. ಹಲಗೆಯ ತಿರುಪುಗಳು ತುಕ್ಕು ಹಿಡಿದು ಬಿಚ್ಚುತ್ತಿರಲಿಲ್ಲ. ಕ್ಯಾಮೆರಾಕ್ಕೆ ಕೈಮುಗಿದು, ಕಣ್ಣಿಗೊತ್ತಿಕೊಂಡು, ಕೊಯ್ಯತೊಡಗಿದರು. ಕುರಿ ಕಡಿಯುವವರಿಗೂ ಇಷ್ಟು ಭಕ್ತಿ ಇರುವುದಿಲ್ಲ. ನಾಲಿಗೆ ನೆಲಕ್ಕೆ ಬಿತ್ತು. ಮಂಚದಿಂದ ಅಜ್ಜಿ, “ಒಳ್ಳೇದಾಯ್ತು. ಠಾಣೆಯಲ್ಲಿ ಒಂದು, ಖಾರಘರದಲ್ಲಿ ಒಂದು ಉಂಟು, ಅದನ್ನೂ ಕೊಯ್ದುಬಿಡು,” ಎಂದರು.

ಕ್ಯಾಮೆರಾ ತಯಾರಾಯಿತು. ಇನ್ನು ಮನುಷ್ಯರು. ಈ ಕೆಲಸದಲ್ಲಿ ಮಾತ್ರ ನಾನು ಪ್ರತಿಭಾವಂತ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. “ಅಪ್ಪ ಈ ಭಾನುವಾರ ಬೆಳಿಗ್ಗೆ ಅಜ್ಜಿ ಹತ್ರ ಹೋಗ್ತಾರಂತೆ.”

“ಎಂತಕ್ಕೆ?”

“ಗೊತ್ತಿಲ್ಲ ದೊಡ್ಡಪ್ಪ. ಇಂಕ್ ಪ್ಯಾಡ್ ಎಲ್ಲಿ ಸಿಗ್ತದೆ ಅಂತ ಕೇಳ್ತಿದ್ರು.”

ಅಪ್ಪನಿಗೆ ಇದನ್ನೇ ದೊಡ್ಡಪ್ಪನ ಹೆಸರಿನಲ್ಲಿ ಹೇಳಿದೆ. ಭಾನುವಾರ ಇಬ್ಬರೂ ಹೇಳಿದ ಹೊತ್ತಿಗಿಂತ ಮೊದಲೇ ಬಂದರು, ಒಂದೇ ಲೋಕಲ್ಲಿನಲ್ಲಿ. ಒಬ್ಬರು ಫಸ್ಟ್ ಕ್ಲಾಸಿನಿಂದ ಇಳಿದರು, ಒಬ್ಬರು ಸೆಕೆಂಡಿನಿಂದ. ಸಾಕ್ಷಿಗೆ ಇರಲಿ ಎಂದು ದೊಡ್ಡಮ್ಮ, ಅಮ್ಮ ಜೊತೆಗೆ. ಅಜ್ಜಿ ಕಣ್ಣು ತೆರೆದು ಸುತ್ತ ನೋಡಿದರು. ದೊಡ್ಡ ಮಗ ಇದ್ದಾನೆ, ನಡುವಿನವನೂ ಇದ್ದಾನೆ.

“ನಾನು ಸತ್ತೆನಾ?” ಎಂದು ಕೇಳಿದರು.

ಚಿಕ್ಕಪ್ಪ ಸ್ಟ್ಯಾಂಡನ್ನು ಬಾಗಿಲಲ್ಲಿ ಊರಿದರು. ದೊಡ್ಡಪ್ಪ ಒಂದು ಗೋಡೆಗೆ ಅಂಟಿ ನಿಂತರು, ಅಪ್ಪ ಎದುರಿನ ಗೋಡೆಗೆ. ನಡುವೆ ಅಜ್ಜಿಯ ಮಂಚ. ಈ ಲೆನ್ಸಿಗೆ ಅದೇನೂ ತೊಂದರೆ ಇರಲಿಲ್ಲ. ಎರಡೂ ಗೋಡೆ ಆರಾಮವಾಗಿ ಕಾಣುತ್ತಿದ್ದವು. ಆದರೆ ಚಿಕ್ಕಪ್ಪ ಕ್ಯಾಮೆರಾದ ಕಪ್ಪು ಬಟ್ಟೆಯ ಮುಸುಕಿನೊಳಗಿಂದ ಸುಮ್ಮನೆ ಒಂದು ಮಾತು ಬಿಟ್ಟರು.

“ಈ ಲೆನ್ಸಿನಲ್ಲಿ ಬದಿಗೆ ನಿಂತವರು ಡಬಲ್ ದಪ್ಪ ಬರ್ತಾರೆ. ನಡುವಲ್ಲಿ ಇದ್ದವರು ಮಾತ್ರ ಸರಿ. ಆಮೇಲೆ ನನ್ನನ್ನು ಬೈಯ್ಬೇಡಿ.”

ದೊಡ್ಡಮ್ಮ ಮೊದಲು ನಡುವಿಗೆ ಹಾರಿದರು. ಹಿಂದೆಯೇ ಅಮ್ಮ. ಹೊಟ್ಟೆ ಒಳಗೆಳೆದುಕೊಂಡು ದೊಡ್ಡಪ್ಪ, ಇನ್ನೊಂದು ಹೊಟ್ಟೆ ಎಳೆದುಕೊಂಡು ಅಪ್ಪ. ವಕೀಲರಿಂದ ಆಗದ್ದು ಒಂದು ಗಾಜಿನ ತುಂಡಿನಿಂದ ಆಯಿತು. ಬಾಕಿ ಉಳಿದವರು ಒಲೆಯ ಬದಿಯಲ್ಲಿ ಚಿಕ್ಕಮ್ಮ ಮಾತ್ರ.

“ಇಷ್ಟು ಒತ್ತಿ ನಿಂತರೆ ನಿಮ್ಮ ಪಾಸ್‌ಪೋರ್ಟ್ ಕ್ಯಾಮೆರಾ ಸಾಕಿತ್ತಲ್ಲ,” ಎಂದರು ಅವರು. “ಸುಮ್ಮನೆ ಕೊಯ್ದಿರಿ ಅದನ್ನು.”

“ಸಾಕಿತ್ತು. ಆದ್ರೆ ಫೋಟೋದಲ್ಲಿ ನೀನು ಬರ್ತಿರ್ಲಿಲ್ಲ,” ಎಂದರು ಚಿಕ್ಕಪ್ಪ.

“ನಾನು ದಪ್ಪ ಬಂದರೆ ಬರ್ಲಿ. ಹಾಲು ಉಕ್ಕಿದ್ರೆ ಯಾರು ನೋಡ್ತಾರೆ?”

ಕೋಣೆಯಲ್ಲಿ ಕಿಟಕಿಯ ಬೆಳಕು ಮಾತ್ರ. ಲೆನ್ಸಿನ ಬಾಗಿಲು ತೆರೆದು ಐದು ಎಣಿಸಿ ಮುಚ್ಚಬೇಕು. ಅಷ್ಟು ಹೊತ್ತು ಯಾರೂ ಅಲುಗಬಾರದು, ಅಲುಗಿದವರು ಹೊಗೆಯಾಗಿ ಬರುತ್ತಾರೆ. ಆದರೆ ಅಜ್ಜಿಯ ಕೈ ಸದಾ ನಡುಗುತ್ತಿತ್ತು.

“ಅಣ್ಣ, ಅಮ್ಮನ ಕೈ ಹಿಡ್ಕೊಳ್ಳಿ ಸ್ವಲ್ಪ. ಗಟ್ಟಿಯಾಗಿ,” ಎಂದರು ಚಿಕ್ಕಪ್ಪ. ಯಾವ ಅಣ್ಣ ಎಂದು ಹೇಳಲಿಲ್ಲ. ಇಬ್ಬರೂ ಒಟ್ಟಿಗೆ ಬಗ್ಗಿದರು. ಅದೃಷ್ಟಕ್ಕೆ ದೇವರು ಎರಡೂ ಕೈಗೆ ಹೆಬ್ಬೆಟ್ಟು ಇಟ್ಟಿದ್ದಾನೆ, ಒಂದೊಂದು ಹಂಚಿಕೊಂಡರು.

ಗುಂಡಿ ಒತ್ತುವ ಕೆಲಸ ನನಗೆ ಬಿಟ್ಟು ಚಿಕ್ಕಪ್ಪ ಹೋಗಿ ಮಂಚದ ಕಾಲಬುಡದಲ್ಲಿ ಕುಳಿತರು. ನಮ್ಮ ವಂಶದವರೆಲ್ಲ ಇರುವ ಏಕೈಕ ಫೋಟೋದಲ್ಲಿ ನಾನಿಲ್ಲ. ಇವತ್ತಿನವರೆಗೂ ಯಾರೂ ಅದನ್ನು ಗಮನಿಸಿಲ್ಲ. ಶಾಲೆಯಲ್ಲಿ ಕಲಿತ ಮರಾಠಿ ಎಣಿಕೆಯೇ ಬಾಯಿಗೆ ಬಂತು. ಏಕ್, ದೋನ್, ತೀನ್. ಹೆದರಿಕೆಗೆ ಕಣ್ಣು ಮುಚ್ಚಿಕೊಂಡೇ ಎಣಿಸಿದೆ.

ಪಾಚ್ ಎಂದು ಮುಚ್ಚಿದ್ದೇ ತಡ, ಇಬ್ಬರೂ ಕೈ ಬಿಟ್ಟರು. ಇಂಕ್ ಪ್ಯಾಡಿನ ಮಾತು ಎದ್ದಿತು. ಹಾಲು ಉಕ್ಕುವ ಮೊದಲೇ ಜಗಳ ಉಕ್ಕಿ, ಚಹಾ ಕುಡಿಯದೆ ಬೇರೆ ಬೇರೆ ರಿಕ್ಷಾ ಹತ್ತಿ ಹೋದರು. ಅಜ್ಜಿ ಮಾತ್ರ ಅವತ್ತು ಎರಡು ಸಲ ಚಹಾ ಕೇಳಿ ಕುಡಿದರು.

ಮಳೆಗಾಲ ಮುಗಿಯುವ ಮೊದಲು ಅವರು ಹೋದರು. ಉತ್ತರಕ್ರಿಯೆಯ ದಿನ ಚಿಕ್ಕಪ್ಪ ಆ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು. ಊಟಕ್ಕೆ ಮುಂಚೆ ಎಲ್ಲರೂ ಅದರ ಮುಂದೆ ಸೇರಿದರು. ದೊಡ್ಡಪ್ಪ ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು.

“ನೀನು ಕ್ಯಾಮೆರಾ ಅಲ್ಲಾಡಿಸಿದ್ದು,” ಎಂದು ನನ್ನ ಕಡೆ ತಿರುಗಿದರು.

ನಾನು ಮಾಡಿರಬಹುದಾದ ತಪ್ಪೇ. ಆದರೆ ಕ್ಯಾಮೆರಾ ಅಲುಗಿದ್ದರೆ ಎಲ್ಲವೂ ಅಲುಗಬೇಕಿತ್ತು. ಗೋಡೆಯ ಕ್ಯಾಲೆಂಡರಿನ ತಾರೀಕು ಓದಬಹುದಿತ್ತು. ಒಲೆಯ ಬದಿಯ ಚಿಕ್ಕಮ್ಮ, ಸೌಟಿನ ಸಮೇತ, ಕೆತ್ತಿದ ಹಾಗಿದ್ದರು. ಅಜ್ಜಿ ಒಂದೊಂದು ಸುಕ್ಕೂ ಎಣಿಸುವಷ್ಟು ನಿಚ್ಚಳ; ಕೈಗಳು ಕಲ್ಲಿನಂತೆ ಸ್ಥಿರ. ಆ ಕೈ ಹಿಡಿದುಕೊಂಡ ಇಬ್ಬರು ಮಾತ್ರ, ಭುಜದಿಂದ ತಲೆಯವರೆಗೆ, ಬರೀ ಹೊಗೆ. ಐದು ಎಣಿಸುವಷ್ಟು ಹೊತ್ತು ನಡುಗಿದ್ದು ಅಜ್ಜಿಯಲ್ಲ.

ಅಪ್ಪನೂ ಹತ್ತಿರ ಬಂದು ನೋಡಿದರು.

“ಎಲ್ಲರೂ ಸರಿ ಬಂದಿದ್ದಾರೆ,” ಎಂದರು ದೊಡ್ಡಪ್ಪ, ಅಪ್ಪನ ಮುಖ ನೋಡದೆ. “ನಾವಿಬ್ಬರೇ ಹಾಳಾದದ್ದು.”

ಚಿಕ್ಕಪ್ಪ ಬಾಳೆ ಎಲೆ ಹಾಕುತ್ತಿದ್ದವರು ತಲೆ ಎತ್ತಿದರು.

“ಇಲ್ಲ ಅಣ್ಣ. ನೀವಿಬ್ಬರೂ ಸರಿಯಾಗಿಯೇ ಬಂದಿದ್ದೀರಿ.”