ಕಂಬಳಿ ಹೊದ್ದ ನಾಯಕರು

ಸಿಟ್ಟಿನಲ್ಲಿ ಬರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ನನ್ನ ತೊಂದರೆ ಏನೆಂದರೆ, ಸಿಟ್ಟು ಬಾರದ ದಿನ ನನಗೆ ಬರೆಯಲು ಏನೂ ಹೊಳೆಯುವುದಿಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಹಿಂದಿರುವ ನಮ್ಮ ಮನೆಯ ಮಹಡಿಯಲ್ಲಿ, ಶೇಂಗಾ ಹಿಂಡಿಯ ವಾಸನೆಯ ನಡುವೆ ಕೂತು, ದಿಲ್ಲಿಯ ರಾಜಕೀಯದ ಬಗ್ಗೆ ಬ್ಲಾಗು ಬರೆಯುತ್ತೇನೆ. ಯಾವ ಪಕ್ಷದ ಯಾವ ನಾಯಕ ಎಲ್ಲಿ ತಪ್ಪಿದ ಎಂಬುದನ್ನು ಬೆಳಗಿನ ಕಾಫಿ ಆರುವುದರೊಳಗೆ ತೀರ್ಮಾನಿಸಿಬಿಡುತ್ತೇನೆ. "ರೀ, ನಿಮ್ಮ ಬರವಣಿಗೆ ಓದಿ ದಿಲ್ಲಿಯಾಗೆ ಯಾರಾದ್ರೂ ಒಬ್ರು ಊಟ ಬಿಟ್ಟವ್ರಾ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಇದುವರೆಗೆ ಊಟ ಬಿಟ್ಟವನು ನಾನೊಬ್ಬನೇ.

ನಾನು ಹಳೆಯದನ್ನು ಉಳಿಸಬೇಕೆನ್ನುವವರ ಪೈಕಿ. ಹಾಗೆ ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಪ್ಪನ ಕುರ್ಚಿಯಲ್ಲಿ ಮಗ ಕೂರುವುದು, ಬೆಳಿಗ್ಗೆ ಬೈದ ಪಕ್ಷವನ್ನು ಸಂಜೆ ಸೇರುವುದು, ಪಕ್ಷ ಕಟ್ಟಿದ ಹಿರಿಯರನ್ನು ಮೂಲೆಗೆ ಸರಿಸುವುದು ನನಗೆ ಸೇರುವುದಿಲ್ಲ. ನಮ್ಮ ಕಡೆ ಒಂದು ನಡಾವಳಿ ಇದೆ. ಕಂಬಳಿ ಹಾಸಿ ಅದರ ಮೇಲೆ ಕೂತವನು ಸುಳ್ಳು ಹೇಳುವುದಿಲ್ಲ. ಕಂಬಳಿಯನ್ನು ಚಪ್ಪಲಿ ಕಾಲಲ್ಲಿ ಯಾರೂ ತುಳಿಯುವುದಿಲ್ಲ. ಪಾರ್ಲಿಮೆಂಟಿನ ಕುರ್ಚಿಗಳನ್ನೆಲ್ಲ ಎತ್ತಿಸಿ ಕಂಬಳಿ ಹಾಸಿದರೆ ಅರ್ಧ ಭಾಷಣಗಳು ತಾವಾಗಿಯೇ ನಿಲ್ಲುತ್ತವೆ ಎಂದು ಒಮ್ಮೆ ಬರೆದಿದ್ದೆ. ಅದಕ್ಕೆ ಬಂದಷ್ಟು ಮೆಚ್ಚುಗೆ ಬೇರೆ ಯಾವುದಕ್ಕೂ ಬಂದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಕೆಂಚಜ್ಜನಿಗೂ ಓದಿ ಹೇಳಿದ್ದೆ. ಅವರು ಕುರಿ ಕಾಯುತ್ತಾ ಕಂಬಳಿ ನೇಯುತ್ತಿದ್ದವರು. ಕೇಳಿ ಬಹಳ ನಕ್ಕಿದ್ದರು.

ಹೀಗಿರುವಾಗ, ನಾನು ಹೊಗಳಿಕೊಂಡು ಬಂದಿದ್ದ ಪಕ್ಷದ ದಿಲ್ಲಿ ನಾಯಕರು ಮೊಳಕಾಲ್ಮೂರಿಗೆ ಪ್ರಚಾರಕ್ಕೆ ಬರುವುದೆಂದಾಯಿತು. ಪಕ್ಷದ ಕಾರ್ಯಕರ್ತ ಓಬಳೇಶ ಅಂಗಡಿಯಿಂದ ಶಾಲು ತರಲು ಹೊರಟಿದ್ದ. ನಾನೇ ತಡೆದೆ. ಈ ಸೀಮೆಗೆ ಬಂದವರಿಗೆ ಕಂಬಳಿಯನ್ನೇ ಹೊದಿಸಬೇಕು ಎಂದು ಕೆಂಚಜ್ಜನ ಮನೆಗೆ ಹೋದೆ. ಅವರ ಬಳಿ ಒಂದೇ ಕಂಬಳಿ ಉಳಿದಿತ್ತು, ಮೊಮ್ಮಗಳ ಮದುವೆಯಲ್ಲಿ ಹಸೆಗೆ ಹಾಸಲೆಂದು ನೇಯ್ದಿಟ್ಟದ್ದು. "ದೊಡ್ಡೋರು ಹೊದ್ರೆ ಒಳ್ಳೇದೇ ಆತು. ವಾಪಸ್ ತರ್ತೀಯಲ್ಲ ತಿಪ್ಪೇಶಿ?" ಎಂದರು. ಹೊದಿಸಿದ್ದನ್ನು ನಾಯಕರು ಹೇಗೂ ವೇದಿಕೆಯಲ್ಲೇ ಬಿಟ್ಟು ಹೋಗುತ್ತಾರೆ, ತರುತ್ತೇನೆ ಎಂದೆ.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ನಾನು ವೇದಿಕೆಯ ಮೆಟ್ಟಿಲ ಪಕ್ಕದಲ್ಲಿದ್ದೆ. ನಾಯಕರು ಹೊದ್ದ ಕಂಬಳಿಯನ್ನು ಮುಟ್ಟಿ ತೋರಿಸಿ, ಇದು ಈ ನೆಲದ ಗೌರವ, ಇದನ್ನು ಕಾಪಾಡಲೆಂದೇ ನಾನು ಬಂದಿದ್ದೇನೆ ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಫೋಟೊ ಮುಗಿದ ಮೇಲೆ ಕಂಬಳಿ ಕುರ್ಚಿಯ ಬೆನ್ನಿಗೆ ಹೋಯಿತು. ಧೂಳು ಏಳದಿರಲೆಂದು ಮೈದಾನಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರಿಂದ ಕಾರು ನಿಂತ ಕಡೆ ಕೆಸರಾಗಿತ್ತು. ನಾಯಕರು ಕೆಸರಿನ ಮುಂದೆ ನಿಂತು ತಮ್ಮ ಬಿಳಿ ಬೂಟು ನೋಡಿಕೊಂಡರು. ಸಹಾಯಕ ಓಡಿಹೋಗಿ ಕಂಬಳಿ ತಂದು ಕೆಸರಿಗೆ ಹಾಸಿದ. ಅವನಿಗೆ ತಿಳಿಯದು ಎನ್ನೋಣ. ನಾಯಕರು ಬಗ್ಗಿ ನೋಡಿದರು, ಅದೇ ಕಂಬಳಿ ಎಂಬುದು ಅವರಿಗೆ ಕಂಡಿತು, ತುಳಿದುಕೊಂಡು ಹೋಗಿ ಕಾರು ಹತ್ತಿದರು. ಕಿಟಕಿಯಿಂದ ನಮಗೆಲ್ಲ ಕೈಮುಗಿದರು.

ಕೆಸರಿನಿಂದ ಕಂಬಳಿ ಎತ್ತಿಕೊಂಡೆ. ಇವತ್ತೇ ಬರೆಯುತ್ತೇನೆ ಎಂದೆ.

"ಬರೀಬೇಡ್ರಿ ಸಾರ್, ಎಲೆಕ್ಷನ್ ಐತೆ," ಎಂದ ಓಬಳೇಶ.

"ಇದನ್ನೇ ಆ ಕಡೆಯೋರು ಮಾಡಿದ್ರೆ?"

"ಆಗ ನೀವು ಬರೀದಿದ್ರೆ ನಾನೇ ಹಿಡ್ದು ಕೂರಿಸಿ ಬರೆಸ್ತಿದ್ದೆ."

ಚಳ್ಳಕೆರೆಯವರೆಗೂ ಬಸ್ಸಿನಲ್ಲಿ ಕುದಿಯುತ್ತಾ ಬಂದೆ. ಕೆಂಚಜ್ಜ ಬಾಗಿಲಲ್ಲೇ ಕಾದಿದ್ದರು. "ಹೊದ್ರಾ?" ಎಂದರು. "ಹೊದ್ರು ಅಜ್ಜ." "ಈ ಕೆಸರು?" "ಕೆಳಗೆ ಬಿತ್ತು," ಎಂದೆ. ಅಷ್ಟು ಹೊತ್ತು ಕುದ್ದ ಸಿಟ್ಟಿನಿಂದ ಹೊರಬಂದದ್ದು ಆ ಒಂದು ಮಾತು.

ಬ್ಲಾಗಿನಲ್ಲಿ ಮಾತ್ರ ಬೆಂಕಿಯನ್ನೇ ಉಗುಳಿದೆ. ಸಂಸ್ಕೃತಿ ಎಂಬುದು ಇವರಿಗೆ ಕ್ಯಾಮೆರಾ ಇರುವಷ್ಟು ಹೊತ್ತು ಹೊದೆಯುವ ಬಟ್ಟೆ ಎಂದೆ. ಕೆಸರು, ಬೂಟು, ಕೈಮುಗಿದದ್ದು, ಒಂದನ್ನೂ ಬಿಡಲಿಲ್ಲ. ಬಿಟ್ಟದ್ದು ಊರು, ಪಕ್ಷ ಮತ್ತು ಹೆಸರು. 'ದಿಲ್ಲಿಯ ನಾಯಕರೊಬ್ಬರು' ಎಂದು ಬರೆದೆ. ಅದೇ ವಾರ ಆ ಕಡೆಯ ನಾಯಕರೂ ನಮ್ಮ ಜಿಲ್ಲೆಗೆ ಬಂದು ಕಂಬಳಿ ಹೊದ್ದು ಹೋಗಿದ್ದರು. ಹಾಗಾಗಿ ಓಬಳೇಶ ಅದನ್ನು ಮೊಬೈಲಿನ ಎಲ್ಲ ಗುಂಪುಗಳಿಗೂ ಕಳಿಸಿ, "ಆ ಕಡೆಯೋರಿಗೆ ಸರಿಯಾಗಿ ಕೊಟ್ರಿ ಸಾರ್" ಎಂದ. ಆ ಕಡೆಯವರೂ ಅಷ್ಟೇ ಉತ್ಸಾಹದಿಂದ ಹಂಚಿದರು. ದೇಶವನ್ನು ಒಗ್ಗೂಡಿಸಿದ ನನ್ನ ಏಕೈಕ ಬರಹ ಅದು.

ಮಾರನೆಯ ದಿನ ಕೆಂಚಜ್ಜ ಕರೆದರು. ಮೊಮ್ಮಗಳು ಮೊಬೈಲಿನಲ್ಲಿ ಅವರಿಗೆ ಓದಿ ಹೇಳಿದ್ದಳು. ಜಗಲಿಯ ಮೇಲೆ ಕಂಬಳಿ ಹಾಸಿದ್ದರು. ಕೆಸರು ಒಣಗಿ ಉದುರಿತ್ತು. ಬೂಟಿನ ಅಚ್ಚು ಹಾಗೇ ಇತ್ತು.

"ಬಿದ್ದಿದ್ರೆ ಕೊಡವಿ ಮದುವೆಗೆ ಹಾಸ್ತೀನಿ. ತುಳಿದಿದ್ರೆ ಹಾಸಾಕಾಗಲ್ಲ, ಇನ್ನೊಂದು ನೇಯ್ಬೇಕು. ಕೈಯಾಗೆ ಶಕ್ತಿ ಇಲ್ಲ, ಆದ್ರೂ ನೇಯ್ತೀನಿ. ಇದರ ಮ್ಯಾಲೆ ಕೂತು ಹೇಳು ತಿಪ್ಪೇಶಿ. ನೀನು ಬರ್ದಿರೋದು ಈ ಕಂಬಳಿನಾ? ತುಳಿದೋರು ನಿಮ್ಮೋರಾ?"

ನಾನು ಕಂಬಳಿ ನೋಡಿದೆ. "ಮೊಣಕಾಲು ನೋವು ಅಜ್ಜ. ಕೂರೋಕಾಗಲ್ಲ, ನಿಂತಿರ್ತೀನಿ," ಎಂದೆ.

ಕೆಂಚಜ್ಜ ಕಂಬಳಿಯನ್ನು ಮಡಿಚಿ ಒಳಗಿನ ಗೂಟಕ್ಕೆ ಹಾಕದೆ ಜಗಲಿಯ ಮೂಲೆಗೆ ಇಟ್ಟರು. ಮೊಮ್ಮಗಳಿಗೆ ಮಗ್ಗದ ಕೋಲುಗಳನ್ನು ಅಟ್ಟದಿಂದ ಇಳಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಪಾರ್ಲಿಮೆಂಟಿನಾಗೆ ಹಾಸಿದ್ರೂ ಹಿಂಗೇ ಬಿಡು. ಎಲ್ರಿಗೂ ಮೊಣಕಾಲು ನೋವು ಬರ್ತೈತೆ," ಎಂದರು.

ಅಂದಿನಿಂದ ಅವರ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ನಾನು ಕುಂಟುತ್ತೇನೆ.